ಮೆತ್ತನೆಯ ಚೆಂಡಿನ ಗಟ್ಟಿಗಿತ್ತಿಯರು

ಹೆಸರನ್ನು ನಂಬಿ ಮೋಸಹೋಗುವವರಿಗೆ ಸಾಫ್ಟ್‌ಬಾಲ್ ಎಂಬ ಆಟವು ತಕ್ಕ ಪಾಠವನ್ನು ಕಲಿಸಬಲ್ಲುದು. 'ಮೆತ್ತನೆಯ ಚೆಂಡು' ಎಂಬ ಅರ್ಥದ ಈ ಆಟದಲ್ಲಿ ಬಳಸುವ ಚೆಂಡು ಕ್ರಿಕೆಟ್ ಚೆಂಡಿಗಿಂತ ದೊಡ್ಡದು, ಭಾರದಲ್ಲಿಯೂ ಅದಕ್ಕಿಂತ ಒಂದು ಕೈ ಮೇಲು. ಸುತ್ತಳತೆ 12 ಅಂಗುಲ. ಮೈಗೆ ತಗುಲಿಸಿಕೊಂಡವರು ಅದನ್ನು ಮೆತ್ತನೆಯದೆಂದು ಎಂದೂ ಹೇಳಲಾರರು.

ಆದರೆ ಹೆಸರು ಹುಟ್ಟಾ ಸುಳ್ಳಲ್ಲ. 1887ರ ನವೆಂಬರ್ ತಿಂಗಳಿನಲ್ಲಿ ಶಿಕಾಗೋ ನಗರದ ಒಂದು ದೋಣಿ ವಿಹಾರ ಕ್ಲಬ್ಬಿನಲ್ಲಿ ಹಾರ್ವರ್ಡ್ ಮತ್ತು ಯೇಲ್ ವಿಶ್ವವಿದ್ಯಾನಿಲಯಗಳ ಫುಟ್‌ಬಾಲ್ ಪಂದ್ಯದ ಫಲಿತಾಂಶಕ್ಕಾಗಿ ಕೆಲವು ಮಂದಿ ಕಾದು ಕುಳಿತಿದ್ದರು. ಯೇಲ್ ಗೆದ್ದಿತೆಂಬ ಸುದ್ದಿ ಬಂದೊಡನೆ ಅದರ ಅಭಿಮಾನಿಯೊಬ್ಬ ಹಿಗ್ಗಿನಿಂದ ಮುಷ್ಟಿಯುದ್ಧದ ಕೈಚೀಲವೊಂದನ್ನು ಎದುರು ಪಕ್ಷದವನತ್ತ ಎಸೆದನಂತೆ. ಆತ ಕೈಗೆ ಸಿಕ್ಕಿದ ಕೋಲಿನಿಂದ ಅದನ್ನು ಬೀಸಿ ಹೊಡೆದನಂತೆ. ಅಲ್ಲಿಯೇ ಇದ್ದ ಜಾರ್ಜ್ ಹ್ಯಾನ್‌ಕಾಕ್ ಎಂಬಾತ ಆ ಕೈಚೀಲವನ್ನೇ ಮುದ್ದೆಯಾಗಿ ಕಟ್ಟಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಒಳಾಂಗಣದಲ್ಲಿ ಆಡಬಹುದಾದ ಪುಟ್ಟ ಬೇಸ್‌ಬಾಲ್ ಆಟವೊಂದನ್ನು ಹೂಡಿದ. ಮೊದಲ ಚೆಂಡು ನಿಜಕ್ಕೂ ಮೆತ್ತಗಿತ್ತು. ಆಟ ಬೀದಿಗೂ ಬಯಲಿಗೂ ಇಳಿದಂತೆ ಚೆಂಡು ಗಟ್ಟಿಯಾಯಿತು. 1926ರಲ್ಲಿ ಇಟ್ಟ ಹೆಸರು ಮಾತ್ರ ಮೆತ್ತಗೆ ಉಳಿಯಿತು.

ಆಟದ ಬಗೆಯನ್ನು ಎರಡು ಮಾತುಗಳಲ್ಲಿ ಹೇಳಬಹುದು. ವಜ್ರಾಕಾರದ ಅಂಕಣದ ನಾಲ್ಕು ಮೂಲೆಗಳಲ್ಲಿ ನಾಲ್ಕು ನೆಲೆಗಳು. ಒಂದರಿಂದೊಂದಕ್ಕೆ 60 ಅಡಿ. ದಾಂಡಿನಿಂದ ಚೆಂಡನ್ನು ಹೊಡೆದವಳು ನಾಲ್ಕೂ ನೆಲೆಗಳನ್ನು ಸುತ್ತಿ ಮನೆ ಸೇರಿದರೆ ಒಂದು ಓಟ. ಹೊಡೆದ ಚೆಂಡು ಬೇಲಿಯನ್ನೇ ದಾಟಿದರೆ ಅದು 'ಹೋಂ ರನ್'. ಅವಸರವಿಲ್ಲದೆ ಸುತ್ತಿ ಬರಬಹುದು. ಪಕ್ಷಕ್ಕೆ ಒಂಬತ್ತು ಮಂದಿ, ಏಳು ಸರದಿ, ಸರಿಸಮವಾದರೆ ಮುಂದಕ್ಕೆ. ಇಷ್ಟೇ ಆಗಿದ್ದರೆ ಚಿನ್ನಿದಾಂಡಿನ ಶ್ರೀಮಂತ ತಂಗಿಯೆಂದು ಹೇಳಿ ಸುಮ್ಮನಾಗಬಹುದಿತ್ತು. ಈ ಆಟದ ಜೀವವಿರುವುದು ಎಸೆತದಲ್ಲಿ. ಚೆಂಡನ್ನು ಭುಜದ ಮೇಲಿನಿಂದ ಎಸೆಯುವಂತಿಲ್ಲ. ಹೊಲ ಕಾಯುವವನು ಕವಣೆ ಬೀಸುವಂತೆ ತೋಳನ್ನು ಒಂದು ಪೂರ್ಣ ಸುತ್ತು ತಿರುಗಿಸಿ ಸೊಂಟದ ಬಳಿಯಿಂದ ಬಿಡಬೇಕು. ಹೀಗೆ ಬಿಟ್ಟ ಚೆಂಡು ಗಂಟೆಗೆ 60, 65 ಮೈಲಿಯ ವೇಗದಲ್ಲಿ 43 ಅಡಿಯಾಚೆ ನಿಂತವಳನ್ನು ಅರ್ಧ ಸೆಕೆಂಡು ಕಳೆಯುವ ಮೊದಲೇ ತಲುಪುತ್ತದೆ. ತಲುಪುವ ಮುನ್ನ ಏಳಬಹುದು, ಬೀಳಬಹುದು, ಪಕ್ಕಕ್ಕೆ ಬಾಗಲೂಬಹುದು. ಕ್ರಿಕೆಟ್ಟಿನಲ್ಲಿ ಕೈ ಕೆಳಗಿನ ಎಸೆತವೆಂದರೆ 1981ರಲ್ಲಿ ಮೆಲ್ಬೋರ್ನಿನಲ್ಲಿ ನಡೆದ ಅವಮಾನದ ಪ್ರಸಂಗವೇ ನೆನಪಿಗೆ ಬರುತ್ತದೆ. ಅಮೆರಿಕದ ಹೆಣ್ಣುಮಕ್ಕಳು ಅದೇ ಎಸೆತವನ್ನು ಒಂದು ವಿದ್ಯೆಯಾಗಿ ಬೆಳೆಸಿದರು.

ಆ ವಿದ್ಯೆಯ ಮೊದಲ ಗುರುಕುಲಗಳು ಕಾಲೇಜುಗಳಲ್ಲ, ಕಾರ್ಖಾನೆಗಳು ಮತ್ತು ಸಣ್ಣ ಊರಿನ ಕ್ಲಬ್ಬುಗಳು. ಕನೆಕ್ಟಿಕಟ್ ಸಂಸ್ಥಾನದ ಸ್ಟ್ರಾಟ್‌ಫರ್ಡಿನಲ್ಲಿ ಮೋಟಾರಿನ ಬ್ರೇಕ್ ಸಾಮಗ್ರಿ ಮಾಡುವ ರೇಬೆಸ್ಟಾಸ್ ಕಂಪೆನಿಯ ಮಹಿಳಾ ತಂಡಕ್ಕೆ 'ಬ್ರೇಕೆಟ್ಸ್' ಎಂದೇ ಹೆಸರು. ಆ ತಂಡದ ಎಸೆತಗಾರ್ತಿ ಜೋನ್ ಜಾಯ್ಸ್ 1961ರಲ್ಲಿ ಒಂದು ಪ್ರದರ್ಶನ ಪಂದ್ಯದಲ್ಲಿ ಬೇಸ್‌ಬಾಲಿನ ಮಹಾ ದಾಂಡುಗಾರ ಟೆಡ್ ವಿಲಿಯಮ್ಸ್‌ನನ್ನು ಎದುರಿಸಿದಳು. ಆತ ದಾಂಡು ಬೀಸಿದ್ದೇ ಬಂತು, ಚೆಂಡು ಸಿಕ್ಕಲಿಲ್ಲ. ಇಂಥ ಆಟಗಾರ್ತಿಯರು ಹಗಲು ದುಡಿದು ಸಂಜೆ ಆಡುತ್ತಿದ್ದರು. ಕಾಲೇಜು ಹುಡುಗಿಯರ ಪಾಲಿಗೆ ಆಗ ಆಟವೆಂದರೆ ವ್ಯಾಯಾಮದ ತರಗತಿಯ ಒಂದು ಅಂಗ, ಅಷ್ಟೆ.

ಇದನ್ನು ಬದಲಿಸಿದ್ದು ಒಂದು ಕಾನೂನು. 1972ರ ಜೂನ್ 23ರಂದು ಅಮೆರಿಕದ ಅಧ್ಯಕ್ಷರು ರುಜು ಹಾಕಿದ ಶಿಕ್ಷಣ ಶಾಸನದ ಒಂಬತ್ತನೆಯ ಪರಿಚ್ಛೇದ, ಸರ್ಕಾರದ ಹಣ ಪಡೆಯುವ ಯಾವ ವಿದ್ಯಾಸಂಸ್ಥೆಯೂ ಹೆಣ್ಣು ಗಂಡೆಂಬ ಭೇದ ಮಾಡಕೂಡದೆಂದು ವಿಧಿಸಿತು. ಇಂಗ್ಲಿಷಿನಲ್ಲಿ ಅದು 37 ಪದಗಳ ಒಂದೇ ವಾಕ್ಯ. ಆಟವೆಂಬ ಪದ ಅದರಲ್ಲಿ ಎಲ್ಲಿಯೂ ಇಲ್ಲ! ಆದರೂ ಆ ದೇಶದ ಕ್ರೀಡಾಂಗಣಗಳ ಬಾಗಿಲನ್ನು ಹುಡುಗಿಯರಿಗೆ ತೆರೆದದ್ದು ಆ ವಾಕ್ಯವೇ.

ಬಾಗಿಲು ತೆರೆದಾಗ ಒಳಗಿದ್ದವರೇ ಹಿಂದುಮುಂದು ನೋಡಿದ ಸಂಗತಿಯೂ ಒಂದುಂಟು. ಆಗ ಕಾಲೇಜು ಮಹಿಳೆಯರ ಆಟಗಳನ್ನು ನಡೆಸುತ್ತಿದ್ದುದು ಅಧ್ಯಾಪಕಿಯರೇ ಕಟ್ಟಿಕೊಂಡ ಒಂದು ಸಂಘ. ಆಟಕ್ಕಾಗಿ ವಿದ್ಯಾರ್ಥಿವೇತನ ಪಡೆದ ಹುಡುಗಿಯನ್ನು ಪಂದ್ಯಕ್ಕೆ ಸೇರಿಸಬಾರದೆಂಬುದು ಅದರ ಕಟ್ಟಳೆ. ಗಂಡುಮಕ್ಕಳ ಆಟದಲ್ಲಿ ಹಣ ಹೊಕ್ಕು ಏನೇನು ಮಾಡಿತೆಂಬುದನ್ನು ಅವರು ಕಣ್ಣಾರೆ ಕಂಡಿದ್ದರು. ಆಟಗಾರರನ್ನು ಬಲೆ ಬೀಸಿ ಹಿಡಿಯುವುದು, ಓದನ್ನು ನೆಪಕ್ಕಿಟ್ಟುಕೊಳ್ಳುವುದು, ಇವು ತಮ್ಮ ಹುಡುಗಿಯರ ಬಳಿ ಸುಳಿಯಬಾರದೆಂಬುದು ಅವರ ಆಸೆ. ಆದರೆ ಫ್ಲಾರಿಡಾದ ಒಂದು ಕಾಲೇಜಿನ ಟೆನಿಸ್ ಆಟಗಾರ್ತಿಯರು ನ್ಯಾಯಾಲಯಕ್ಕೆ ಹೋದರು. ಹುಡುಗರಿಗೆ ಉಣ್ಣಲು ಬಡಿಸಿ ನಮಗೆ ಉಪವಾಸದ ಪುಣ್ಯವನ್ನೇಕೆ ಬೋಧಿಸುತ್ತೀರಿ ಎಂಬ ತಾತ್ಪರ್ಯದ ಅವರ ವಾದಕ್ಕೆ ಎದುರು ಮಾತಿರಲಿಲ್ಲ. 1973ರಲ್ಲಿ ಆ ಕಟ್ಟಳೆ ಹೋಯಿತು. ಅಧ್ಯಾಪಕಿಯರ ಅಂಜಿಕೆಯೂ ಸುಳ್ಳಲ್ಲ, ಹುಡುಗಿಯರ ನ್ಯಾಯವೂ ಸುಳ್ಳಲ್ಲ. ಮುಂದೆ ಹೇಳಲಿರುವ ತಂಡದ ಕಥೆಯಲ್ಲಿ ಇವೆರಡೂ ಒಟ್ಟೊಟ್ಟಿಗೆ ನಡೆದು ಬಂದಿವೆ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಲಾಸ್ ಏಂಜಲೀಸ್ ಶಾಖೆಯನ್ನು ಅಲ್ಲಿನವರು ಯು.ಸಿ.ಎಲ್.ಎ. ಎಂದು ಕರೆಯುತ್ತಾರೆ. ಅದರ ತಂಡಗಳಿಗೆಲ್ಲ ಕಂದು ಕರಡಿಯೇ ಲಾಂಛನ, 'ಬ್ರೂಯಿನ್ಸ್' ಎಂಬುದೇ ಬಿರುದು. 1970ರ ದಶಕದ ನಡುವಿನಲ್ಲಿ ಇಲ್ಲಿನ ಮಹಿಳಾ ಸಾಫ್ಟ್‌ಬಾಲ್ ತಂಡದ ಹೊಣೆ ಹೊತ್ತವರು ಶಾರನ್ ಬ್ಯಾಕಸ್. ಬ್ರೇಕೆಟ್ಸ್ ತಂಡದಲ್ಲಿಯೂ ಕ್ಯಾಲಿಫೋರ್ನಿಯಾದ ಆರೆಂಜ್ ಊರಿನ ಪ್ರಸಿದ್ಧ ತಂಡದಲ್ಲಿಯೂ ಆಡಿ ಪಳಗಿದ್ದವರು. ಕಾರ್ಖಾನೆಯ ಅಂಗಳದ ವಿದ್ಯೆ ವಿಶ್ವವಿದ್ಯಾನಿಲಯದ ಹೊಸ್ತಿಲು ದಾಟಿದ್ದು ಇಂಥವರ ಕೈಹಿಡಿದು. ತಂಡಕ್ಕೆ ತನ್ನದೆಂಬ ಕ್ರೀಡಾಂಗಣ ಒದಗಿದ್ದು 1990ರ ದಶಕದಲ್ಲಿ. ಅಷ್ಟರಲ್ಲಿ ಅದು ದೇಶಕ್ಕೆಲ್ಲ ಮೊದಲನೆಯದೆನಿಸಿ ಹಲವು ವರ್ಷಗಳಾಗಿದ್ದವು.

ಬ್ಯಾಕಸ್ ಅವರ ಮೊದಲ ಶಿಷ್ಯೆಯರಲ್ಲಿ ಸೂ ಎನ್‌ಕ್ವಿಸ್ಟ್ ಒಬ್ಬಳು. ಅಂಕಣದ ನಡುಬಯಲನ್ನು ಕಾಯುತ್ತಿದ್ದ ಆಕೆ ನಾಲ್ಕು ವರ್ಷಗಳ ಆಟದಲ್ಲಿ ಹತ್ತು ಸಲ ದಾಂಡು ಹಿಡಿದರೆ ನಾಲ್ಕು ಸಲವಾದರೂ ನೆಲೆ ಮುಟ್ಟುವಂತೆ ಹೊಡೆದಳು. ಬೇಸ್‌ಬಾಲಿನ ಲೆಕ್ಕ ಬಲ್ಲವರು ಈ ಅಂಕಿಯನ್ನು ಕೇಳಿ ಹುಬ್ಬೇರಿಸುತ್ತಾರೆ. ಹತ್ತಕ್ಕೆ ಮೂರು ಬಂದರೂ ಅಲ್ಲಿ ಮರ್ಯಾದೆಯುಂಟು. 1978ರಲ್ಲಿ ನೆಬ್ರಾಸ್ಕಾದ ಒಮಾಹಾ ನಗರದಲ್ಲಿ ನಡೆದ ರಾಷ್ಟ್ರೀಯ ಪಂದ್ಯಗಳ ಕೊನೆಯಲ್ಲಿ ಉತ್ತರ ಕೊಲರಾಡೊ ತಂಡವನ್ನು 3-0 ಅಂತರದಲ್ಲಿ ಮಣಿಸಿ ಕರಡಿಗಳು ಮೊದಲ ಸಲ ಕಿರೀಟ ಧರಿಸಿದರು. ಅದು ಅಧ್ಯಾಪಕಿಯರ ಸಂಘ ನೀಡಿದ ಕಿರೀಟ.

ನಾಲ್ಕೇ ವರ್ಷಗಳಲ್ಲಿ ಆ ಸಂಘ ಮುಚ್ಚಿಹೋಯಿತು. ಅದುವರೆಗೆ ಗಂಡಸರ ಆಟಗಳನ್ನು ಮಾತ್ರ ನಡೆಸುತ್ತಿದ್ದ, ಹಣಬಲವೂ ಟೆಲಿವಿಷನ್ ಬಲವೂ ಇದ್ದ ಎನ್.ಸಿ.ಎ.ಎ. ಎಂಬ ರಾಷ್ಟ್ರೀಯ ಸಂಘ ಮಹಿಳೆಯರ ಪಂದ್ಯಗಳನ್ನೂ ಕೈಗೆತ್ತಿಕೊಂಡಿತ್ತು. 1982ರಲ್ಲಿ ಅದು ನಡೆಸಿದ ಪ್ರಪ್ರಥಮ ಸಾಫ್ಟ್‌ಬಾಲ್ ಪಂದ್ಯಗಳಲ್ಲಿ ಫ್ರೆಸ್ನೋ ಸ್ಟೇಟ್ ತಂಡವನ್ನು ಎಂಟು ಸರದಿಗಳ ಹೋರಾಟದಲ್ಲಿ 2-0 ಅಂತರದಿಂದ ಗೆದ್ದು ಕರಡಿಗಳು ಮತ್ತೆ ಮೊದಲಿಗರಾದರು. ಆ ತಂಡದ ಎಸೆತಗಾರ್ತಿಯ ಹೆಸರು ಡೆಬ್ಬಿ ಡೂಮ್. ಡೂಮ್ ಎಂದರೆ ಇಂಗ್ಲಿಷಿನಲ್ಲಿ ವಿನಾಶ! ಎದುರಾಳಿಗಳಿಗೆ ಇದಕ್ಕಿಂತ ಸ್ಪಷ್ಟವಾದ ಮುನ್ನೆಚ್ಚರಿಕೆಯನ್ನು ಯಾರು ತಾನೆ ಕೊಡಬಲ್ಲರು? 1984ರಲ್ಲಿ ಟೆಕ್ಸಾಸ್ ಎ ಅಂಡ್ ಎಂ ತಂಡದ ಮೇಲೆ ಒಂದೇ ಒಂದು ಓಟಕ್ಕಾಗಿ 13 ಸರದಿ ಕಾದಾಡಿ ಗೆದ್ದಾಗಲೂ, 1985ರಲ್ಲಿ ನೆಬ್ರಾಸ್ಕಾ ತಂಡವನ್ನು ಒಂಬತ್ತು ಸರದಿಗಳಲ್ಲಿ 2-1ರಿಂದ ಸೋಲಿಸಿದಾಗಲೂ ಆಕೆ ತಂಡದಲ್ಲಿದ್ದಳು. 1988, 1989, 1990, ಈ ಮೂರು ವರ್ಷವೂ ಎದುರು ನಿಂತದ್ದು ಅದೇ ಫ್ರೆಸ್ನೋ ಸ್ಟೇಟ್. ಮೂರು ವರ್ಷವೂ ಒಂದು ಓಟವನ್ನೂ ಗಳಿಸಲಾರದೆ ಸೋತದ್ದೂ ಅದೇ. ಗೆದ್ದವರನ್ನು ಹೊಗಳುವ ಭರದಲ್ಲಿ ಆ ಹುಡುಗಿಯರ ಛಲವನ್ನು ಮರೆಯಬಾರದು. 1998ರಲ್ಲಿ ಅವರು ಅರಿಜೋನಾ ತಂಡವನ್ನು 1-0ರಿಂದ ಗೆದ್ದು ಕೊನೆಗೂ ಕಿರೀಟ ಪಡೆದರು.

ಮೊದಲ ಎನ್.ಸಿ.ಎ.ಎ. ವಿಜಯದ ಕಾಲದಲ್ಲಿ ತಂಡದಲ್ಲಿದ್ದ ಮತ್ತೊಬ್ಬಳು ಡಾಟ್ ರಿಚರ್ಡ್‌ಸನ್. ಫ್ಲಾರಿಡಾದಲ್ಲಿ ಹತ್ತು ವರ್ಷದ ಬಾಲೆಯಾಗಿದ್ದಾಗ ಈಕೆ ಚೆಂಡೆಸೆಯುವ ಬಗೆಯನ್ನು ಕಂಡ ಹುಡುಗರ ತಂಡದ ತರಬೇತುದಾರನೊಬ್ಬ ಬೆರಗಾಗಿ ತನ್ನ ತಂಡಕ್ಕೆ ಕರೆದನಂತೆ. ಒಂದೇ ಷರತ್ತು: ಕೂದಲನ್ನು ಕತ್ತರಿಸಿಕೊಂಡು 'ಬಾಬ್' ಎಂಬ ಗಂಡು ಹೆಸರಿಟ್ಟುಕೊಳ್ಳಬೇಕು. ಹುಡುಗಿ ಒಪ್ಪಲಿಲ್ಲ. ತನ್ನ ಹೆಸರಿನಲ್ಲಿಯೇ ಆಡಿದಳು; ಮುಂದೆ ವೈದ್ಯ ಶಿಕ್ಷಣ ಮುಗಿಸಿ ಮೂಳೆ ಶಸ್ತ್ರಚಿಕಿತ್ಸೆಯ ತರಬೇತಿಗೂ ಸೇರಿದಳು. 1996ರಲ್ಲಿ ಒಲಿಂಪಿಕ್ ಕ್ರೀಡೆಗಳಿಗೆ ಸಾಫ್ಟ್‌ಬಾಲ್ ಮೊದಲ ಬಾರಿಗೆ ಸೇರಿದಾಗ, ಆಸ್ಪತ್ರೆಯಿಂದ ರಜೆ ಪಡೆದು ಬಂದ ಡಾಕ್ಟರ್ ರಿಚರ್ಡ್‌ಸನ್ ಚೀನಾ ವಿರುದ್ಧದ ಅಂತಿಮ ಪಂದ್ಯದಲ್ಲಿ ಹೊಡೆದ ಹೋಂ ರನ್ ಎರಡು ಓಟಗಳನ್ನು ತಂದಿತು. ಅಮೆರಿಕ 3-1ರಿಂದ ಚಿನ್ನ ಗೆದ್ದಿತು. ಕೆಲವೇ ದಿನಗಳಲ್ಲಿ ಆಕೆ ಲಾಸ್ ಏಂಜಲೀಸಿನ ಆಸ್ಪತ್ರೆಯ ಕೆಲಸಕ್ಕೆ ಮರಳಿದ್ದಳು.

ಇಷ್ಟಾದರೂ ಈ ತಂಡದ ಹೆಸರು ಹೇಳಿದೊಡನೆ ಬಲ್ಲವರ ಬಾಯಿಗೆ ಮೊದಲು ಬರುವುದು ಲಿಸಾ ಫರ್ನಾಂಡಿಸ್. ಕ್ಯೂಬಾದಿಂದ ಬಂದ ತಂದೆ, ಪೋರ್ಟೊರಿಕೊದ ತಾಯಿ. ಎಂಟು ವರ್ಷದ ಹುಡುಗಿ ಮೊದಲ ಸಲ ಪಂದ್ಯದಲ್ಲಿ ಚೆಂಡೆಸೆದಾಗ ತಂಡ ಸೋತದ್ದು 28-0 ಅಂತರದಲ್ಲಿ! ಎಸೆದ ಚೆಂಡುಗಳಲ್ಲಿ ಎದುರಾಳಿಗಳ ಮೈಗೆ ಬಡಿದವೇ ಹಲವು. ಹನ್ನೆರಡರ ವಯಸ್ಸಿನಲ್ಲಿ ಹೆಸರಾಂತ ತರಬೇತುದಾರನೊಬ್ಬ ಆಕೆಯ ಮೈಕಟ್ಟನ್ನು ನೋಡಿ, ಈ ಹುಡುಗಿಯಿಂದ ದೊಡ್ಡ ಮಟ್ಟದ ಆಟ ಆಗದೆಂದು ಭವಿಷ್ಯ ನುಡಿದನಂತೆ. ಜ್ಯೋತಿಷಿಗಳು ತಪ್ಪುವುದು ಎಲ್ಲ ದೇಶಗಳಲ್ಲಿಯೂ ಉಂಟು. 1990ರಿಂದ 1993ರವರೆಗೆ ಕರಡಿಗಳ ಪರವಾಗಿ ಆಡಿದ ಆಕೆ 93 ಪಂದ್ಯಗಳನ್ನು ಗೆದ್ದು ಕೊಟ್ಟಳು, ಸೋತದ್ದು ಏಳು. 1992ರಲ್ಲಿ ಆಕೆ ಎಸೆತಗಾರ್ತಿಯಾಗಿ 29 ಗೆಲುವು ಪಡೆದಳು, ಸೋಲು ಒಂದೂ ಇಲ್ಲ. ಎಸೆಯುವವರಿಗೆ ಹೊಡೆಯಲು ಬಾರದೆಂಬ ಮಾತನ್ನೂ ಸುಳ್ಳು ಮಾಡಿ, 1993ರಲ್ಲಿ ದಾಂಡಿನ ಸರಾಸರಿಯಲ್ಲಿ ದೇಶಕ್ಕೇ ಮೊದಲಿಗಳಾದಳು. ಅದೇ ವರ್ಷ, ಕಾಲೇಜಿನ ಕೊನೆಯ ಪಂದ್ಯದಲ್ಲಿ, ಅರಿಜೋನಾದ ಮುಂದೆ ತಂಡ ಒಂದೇ ಓಟದಿಂದ ಸೋತಿತು. ಒಲಿಂಪಿಕ್ಸಿನ ಮೂರು ಚಿನ್ನದ ಪದಕಗಳು ಆಮೇಲಿನವು.

ಆಕೆ ಎಸೆದ ಚೆಂಡುಗಳನ್ನು ಮುಖಕ್ಕೆ ಜಾಲರಿ ಕಟ್ಟಿಕೊಂಡು ಕುಕ್ಕರುಗಾಲಿನಲ್ಲಿ ಕುಳಿತು ಹಿಡಿಯುತ್ತಿದ್ದವಳು ಕೆಲಿ ಇನೌಯೆ. ಈ ಹೆಸರನ್ನು ಓದುಗರು ನೆನಪಿನಲ್ಲಿಟ್ಟಿರಬೇಕು.

ಇನ್ನು 1995. ಆ ವರ್ಷ ಮಾರ್ಚ್ ತಿಂಗಳ ಕೊನೆಯಲ್ಲಿ, ಪಂದ್ಯಗಳು ಅರ್ಧ ನಡೆದಿದ್ದಾಗ, ಆಸ್ಟ್ರೇಲಿಯದ ಟಾನ್ಯಾ ಹಾರ್ಡಿಂಗ್ ಎಂಬ ಎಸೆತಗಾರ್ತಿ ತಂಡವನ್ನು ಸೇರಿದಳು. (ಹಿಮದ ಮೇಲೆ ಜಾರುವ ನೃತ್ಯದಲ್ಲಿ ಅಪಖ್ಯಾತಿ ಪಡೆದ ಅಮೆರಿಕದ ಹಾರ್ಡಿಂಗ್ ಬೇರೆ, ಪತ್ರಿಕೆಗಳು ಆಗ ಇಬ್ಬರನ್ನೂ ಬೇರ್ಪಡಿಸಿ ಹೇಳಲು ಶ್ರಮಪಡಬೇಕಾಯಿತು.) ಆ ವಿಶ್ವವಿದ್ಯಾನಿಲಯದ ಪಾಠಕ್ರಮವು ಸುಮಾರು ಮೂರು ಮೂರು ತಿಂಗಳ ಕಂತುಗಳಲ್ಲಿ ನಡೆಯುವುದರಿಂದ ವಸಂತದ ಕಂತಿಗೆ ಹೆಸರು ದಾಖಲಿಸಿ ನಡುವೆ ಸೇರುವುದು ನಿಯಮಕ್ಕೆ ಹೊರತಾಗಿರಲಿಲ್ಲ. ಆಕೆ 17 ಪಂದ್ಯ ಗೆದ್ದಳು, ಒಂದನ್ನು ಸೋತಳು. ಒಕ್ಲಹೋಮ ನಗರದ ಅಂತಿಮ ಪಂದ್ಯದಲ್ಲಿ ಅರಿಜೋನಾ 4-2ರಿಂದ ಸೋತಿತು. ಪಂದ್ಯಾವಳಿಯ ಅತ್ಯುತ್ತಮ ಆಟಗಾರ್ತಿಯೆಂಬ ಗೌರವವೂ ಆಕೆಗೇ ಸಂದಿತು. ಕೆಲವು ದಿನಗಳಲ್ಲಿ ಆಕೆ ತವರಿಗೆ ವಿಮಾನ ಹತ್ತಿದಳು. ಆ ಕಂತಿನ ಪರೀಕ್ಷೆಗಳಿಗೆ ಕೂರಲಿಲ್ಲ.

ಟೀಕೆಯ ಮಳೆ ಸುರಿಯಿತು. ವಿದ್ಯಾರ್ಥಿನಿಯೆಂದು ಬಂದು ಪರೀಕ್ಷೆಯನ್ನೇ ಬರೆಯದೆ ಹೋದವಳು ವಿದ್ಯಾರ್ಥಿನಿಯೋ, ಕೂಲಿಗೆ ಕರೆತಂದ ಯೋಧಳೋ? ಅರಿಜೋನಾದ ಹುಡುಗಿಯರು ಇಡೀ ವರ್ಷ ಪಾಠವನ್ನೂ ಆಟವನ್ನೂ ಜೊತೆಗೆ ತೂಗಿಸಿಕೊಂಡು ಬಂದಿರಲಿಲ್ಲವೆ? ಪ್ರಶ್ನೆಗಳು ನ್ಯಾಯವಾದವೇ. ಆದರೆ ಅದನ್ನೆಲ್ಲ ದೂರದೇಶದಿಂದ ಬಂದ ಒಬ್ಬ ಹುಡುಗಿಯ ತಲೆಗೆ ಕಟ್ಟುವುದು ಸುಲಭದ ದಾರಿ. ಕರೆದವರಿಲ್ಲದೆ ಯಾರೂ ಬರುವುದಿಲ್ಲ. ಆಕೆ ಮುಂದೆ ತನ್ನ ದೇಶದ ಪರವಾಗಿ ನಾಲ್ಕು ಒಲಿಂಪಿಕ್ಸ್‌ಗಳಲ್ಲಿ ಆಡಿ ನಾಲ್ಕರಲ್ಲಿಯೂ ಪದಕ ಪಡೆದಳು.

ಇಲ್ಲೊಂದು ವಿಚಿತ್ರವಿದೆ. 1997ರಲ್ಲಿ ಎನ್.ಸಿ.ಎ.ಎ. ಸಂಘವು 1995ರ ಕಿರೀಟವನ್ನು ಕಿತ್ತುಕೊಂಡಿತು. ಆದರೆ ಅದರ ಮೂಲದಲ್ಲಿದ್ದ ದೋಷ ಪರೀಕ್ಷೆಯದಲ್ಲ, ಲೆಕ್ಕದ ಪುಸ್ತಕದ್ದು. ಒಂದು ತಂಡಕ್ಕೆ ಇಷ್ಟೇ ವಿದ್ಯಾರ್ಥಿವೇತನಗಳೆಂಬ ಮಿತಿಯುಂಟು. ಆ ಮಿತಿಯನ್ನು ಮೀರಿ, ಮಹಿಳಾ ಫುಟ್‌ಬಾಲಿಗೆಂದು ಇದ್ದ ವೇತನಗಳನ್ನು ಸಾಫ್ಟ್‌ಬಾಲ್ ಆಡುವ ಕೆಲವರಿಗೆ ಕೊಡಲಾಗಿತ್ತು. ಹುಡುಗಿಯರಿಗೆ ವೇತನವೇ ಬೇಡವೆಂದ ಕಾಲವೊಂದಿತ್ತು. ಕಾಲು ಶತಮಾನ ಕಳೆಯುವಷ್ಟರಲ್ಲಿ ಒಬ್ಬರ ಪಾಲಿನ ವೇತನವನ್ನು ಇನ್ನೊಬ್ಬರ ಎಲೆಗೆ ಬಡಿಸುವ ಕಾಲ ಬಂದಿತು! ಹಳೆಯ ಸಂಘದ ಅಧ್ಯಾಪಕಿಯರಲ್ಲಿ ಇದನ್ನು ಕೇಳಿದವರು ಏನೆಂದುಕೊಂಡರೋ.

ಕಿತ್ತುಕೊಂಡ ಕಿರೀಟವನ್ನು ಅರಿಜೋನಾಕ್ಕೆ ಕೊಡಲಿಲ್ಲ. ಸಂಘದ ದಾಖಲೆಯಲ್ಲಿ ಆ ವರ್ಷದ ಸ್ಥಾನ ತೆರವು. ಒಂದು ಸಂಜೆ ಸಾವಿರಾರು ಜನ ಕಣ್ಣಾರೆ ಕಂಡ ಪಂದ್ಯ, ಗೆದ್ದವರು ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತದ್ದು, ಸೋತವರು ತಲೆತಗ್ಗಿಸಿ ನಡೆದದ್ದು, ಎಲ್ಲವೂ ನಡೆಯಲೇ ಇಲ್ಲವೆಂಬಂತೆ ಒಂದು ಗೆರೆ. ವೇತನದ ಲೆಕ್ಕವನ್ನು ಕನಸಿನಲ್ಲಿಯೂ ಕಾಣದ ಹುಡುಗಿಯರು ಆ ತಂಡದಲ್ಲಿದ್ದರು. ಅವರಿಗೂ ಅದೇ ಶಿಕ್ಷೆ. ತಪ್ಪು ಹಿರಿಯರದು, ದಂಡ ಎಲ್ಲರದು. ನಿಯಮವೆಂಬುದು ಹಾಗೆಯೇ ಇರಬೇಕೆನ್ನುವವರ ಮಾತಿನಲ್ಲಿಯೂ ಹುರುಳಿದೆ. ಇಲ್ಲದಿದ್ದರೆ ಮಿತಿಯನ್ನು ಪಾಲಿಸಿ ಸೋತ ತಂಡಗಳಿಗೆ ಏನು ಹೇಳುವುದು? ಆದರೂ ಆ ತೆರವು ನೋಡುವವರ ಕಣ್ಣಿಗೆ ಚುಚ್ಚದೆ ಇರದು.

ಬ್ಯಾಕಸ್ ಅವರ ಕಾಲ ಅಲ್ಲಿಗೆ ಮುಗಿಯಿತು. ಹಲವು ವರ್ಷ ಅವರ ಜೊತೆಯಲ್ಲಿಯೇ ತರಬೇತುಗಾರ್ತಿಯಾಗಿದ್ದ ಸೂ ಎನ್‌ಕ್ವಿಸ್ಟ್ ಅವರ ಮೇಲೆ ಪೂರ್ಣ ಹೊಣೆ ಬಿದ್ದಿತು. ಕಳಂಕ ಹೊತ್ತ ಮನೆಯ ಯಜಮಾನಿಕೆ ಸುಖದ್ದಲ್ಲ. 1999ರಲ್ಲಿ ವಾಷಿಂಗ್ಟನ್ ತಂಡವನ್ನು 3-2ರಿಂದ ಗೆದ್ದಾಗ ಆ ವಿಜಯದ ಬಗ್ಗೆ ಯಾರೂ ಬೆರಳು ತೋರಿಸುವಂತಿರಲಿಲ್ಲ. 2003ರಲ್ಲಿ ಕೀರಾ ಗೋರ್ಲ್ ಎಂಬಾಕೆ ಅಂತಿಮ ಪಂದ್ಯದ ಒಂಬತ್ತು ಸರದಿಗಳಲ್ಲಿ ಎದುರಾಳಿಗಳಿಗೆ ಒಂದು ಸರಿಯಾದ ಹೊಡೆತವನ್ನೂ ಬಿಟ್ಟುಕೊಡದೆ ಗೆಲ್ಲಿಸಿದಳು. 2004ರಲ್ಲಿ ಮತ್ತೆ ವಿಜಯ. ಆ ಕಾಲದ ತಂಡದಿಂದ ಬಂದ ನಟಾಷಾ ವಾಟ್ಲಿ, ಒಲಿಂಪಿಕ್ಸಿನಲ್ಲಿ ಅಮೆರಿಕದ ಪರವಾಗಿ ಸಾಫ್ಟ್‌ಬಾಲ್ ಆಡಿದ ಮೊದಲ ಕಪ್ಪು ಜನಾಂಗದ ಮಹಿಳೆಯೆಂದು ಹೆಸರಾದಳು. 2006ರಲ್ಲಿ ಎನ್‌ಕ್ವಿಸ್ಟ್ ನಿವೃತ್ತರಾದಾಗ ಅವರ ತರಬೇತಿಯ ಲೆಕ್ಕದಲ್ಲಿ 887 ಗೆಲುವುಗಳಿದ್ದವು.

ಆ ಪೀಠಕ್ಕೆ ಬಂದವರು, ಒಂದು ಕಾಲದಲ್ಲಿ ಜಾಲರಿ ಕಟ್ಟಿಕೊಂಡು ಫರ್ನಾಂಡಿಸ್‌ಳ ಚೆಂಡನ್ನು ಹಿಡಿಯುತ್ತಿದ್ದ ಕೆಲಿ ಇನೌಯೆ. ಮದುವೆಯ ನಂತರ ಇನೌಯೆ ಪೆರೇಸ್. 2010ರಲ್ಲಿ ಅರಿಜೋನಾವನ್ನು ಎರಡು ಪಂದ್ಯಗಳಲ್ಲಿ ಸೋಲಿಸಿದಾಗ, ಆಟಗಾರ್ತಿಯಾಗಿಯೂ ಮುಖ್ಯ ತರಬೇತುಗಾರ್ತಿಯಾಗಿಯೂ ಈ ಕಿರೀಟ ಕಂಡ ಮೊದಲಿಗರು ಅವರಾದರು. ಜೊತೆಗೆ ಸಹಾಯಕಿಯಾಗಿ ನಿಂತವರು ಅದೇ ಲಿಸಾ ಫರ್ನಾಂಡಿಸ್.

ಆಮೇಲೆ ಒಂಬತ್ತು ವರ್ಷ ಬರಗಾಲ. ಒಕ್ಲಹೋಮದವರ ದಂಡು ಬಲಿಯುತ್ತಿತ್ತು. 2019ರ ಉಪಾಂತ್ಯ ಪಂದ್ಯದಲ್ಲಿ ಕರಡಿಗಳಿಗೆ ಎದುರಾದದ್ದು ವಾಷಿಂಗ್ಟನ್. ರೇಚಲ್ ಗಾರ್ಸಿಯಾ ಎಂಬ ಎಸೆತಗಾರ್ತಿ ಸರದಿಯ ಮೇಲೆ ಸರದಿ ಎಸೆದಳು. ಏಳು ಮುಗಿಯಿತು, ಎರಡು ಪಕ್ಷಕ್ಕೂ ಓಟವಿಲ್ಲ. ಎಂಟು, ಒಂಬತ್ತು, ಇಲ್ಲ. ಹತ್ತನೆಯ ಸರದಿ ಮುಗಿಯುವಾಗ ಆಕೆಯ ತೋಳು 179 ಚೆಂಡುಗಳನ್ನೆಸೆದಿತ್ತು. 16 ಮಂದಿ ಚೆಂಡು ಮುಟ್ಟಲಾರದೆ ಹಿಂದಿರುಗಿದ್ದರು. ಅದೇ ಸರದಿಯ ಕೆಳಪಾದದಲ್ಲಿ, ಇಬ್ಬರು ಗೆಳತಿಯರು ನೆಲೆಗಳಲ್ಲಿ ಕಾದಿದ್ದಾಗ, ದಾಂಡು ಹಿಡಿದು ಬಂದವಳೂ ಆಕೆಯೇ. ಚೆಂಡು ಬೇಲಿಯನ್ನು ದಾಟಿತು. ಮೂರು ಓಟ, ಪಂದ್ಯ ಮುಕ್ತಾಯ.

ಒಕ್ಲಹೋಮದ ವಿರುದ್ಧ ನಡೆದ ಅಂತಿಮ ಸುತ್ತಿನ ಮೊದಲ ಪಂದ್ಯವನ್ನು 16-3ರಿಂದ, ಎರಡನೆಯದನ್ನು 5-4ರಿಂದ ಗೆದ್ದು ಕರಡಿಗಳು ಹನ್ನೆರಡನೆಯ ಎನ್.ಸಿ.ಎ.ಎ. ಕಿರೀಟವನ್ನು ಪಡೆದರು. 2025ರವರೆಗೂ ಬೇರೆ ಯಾವ ಕಾಲೇಜೂ ಆ ಸಂಖ್ಯೆಯನ್ನು ಮುಟ್ಟಿಲ್ಲ. ಎರಡನೆಯ ಪಂದ್ಯದ ಕೊನೆಯ ಹೊಡೆತ ಬಿದ್ದೊಡನೆ ಹುಡುಗಿಯರೆಲ್ಲ ಅಂಕಣದೊಳಕ್ಕೆ ನುಗ್ಗಿದರು. ಅವರ ಪಾಳೆಯದ ಮುಂದಾಳುಗಳಾಗಿದ್ದವರು, 1993ರಲ್ಲಿ ಒಂದೇ ಓಟದಿಂದ ಸೋತು ಕಾಲೇಜು ಬಿಟ್ಟ ಕ್ಯಾಚರ್ ಮತ್ತು ಎಸೆತಗಾರ್ತಿ.